ತವರಿಲ್ಲದ ನೋಡ್

ಬೆಂಗಳೂರಿನ ಲ್ಯಾಬಿಗೆ ಸೇರಿದ ಹೊಸದರಲ್ಲಿ ನಾನು ಬರೆದ ನೋಡ್‌ಗೆ ನಾಲ್ಕೇ ಸಂಗತಿ ಗೊತ್ತಿದ್ದವು: ತನ್ನ ಹೆಸರೇನು, ತನ್ನ ಮೇಲಿನವರು ಯಾರು, ತನ್ನ ಮಕ್ಕಳು ಯಾರು, ಮೇಲಿನವರಿಂದ ತಾನೆಷ್ಟು ದೂರ. ಪೈಥಾನ್‌ನಲ್ಲಿ ಅದು ಕೆಲವೇ ಸಾಲಿನ ಒಂದು ಕ್ಲಾಸ್. ಜೀವಿಗಳ ವಿಕಾಸವೃಕ್ಷವನ್ನು ಕಂಪ್ಯೂಟರಿನೊಳಗೆ ಕಟ್ಟುವುದಕ್ಕೆ ಬಹುಪಾಲು ಅಷ್ಟೇ ಸಾಕು. ಬೇರಿನ ನೋಡ್ ಒಂದು ಕೈಗೆ ಸಿಕ್ಕರೆ ಅದರ ಮಕ್ಕಳು, ಮಕ್ಕಳ ಮಕ್ಕಳು ಎಂದು ಇಳಿಯುತ್ತ ಹೋದಂತೆ ಇಡೀ ವೃಕ್ಷ ಕೈಗೆ ಬರುತ್ತದೆ. ಮಕ್ಕಳಿಲ್ಲದ ನೋಡ್ ಎಲೆ. ಮೇಲೆ ಯಾರೂ ಇಲ್ಲದ್ದು ಬೇರು. ಉಳಿದವೆಲ್ಲ ನಡುವಿನವು.

ನನ್ನ ಮನಸ್ಸು ಮೊದಲಿನಿಂದಲೂ ನೆಟ್ಟದ್ದು ಆ ನಡುವಿನವುಗಳ ಮೇಲೆಯೇ. ಎಲೆಗಳು ಕಣ್ಣಿಗೆ ಕಾಣುವ ಜೀವಿಗಳು. ಗಿಡ ಹೊಲದಲ್ಲಿದೆ, ಅದರ ಎಲೆ ಅರೆದು ತೆಗೆದ ಡಿಎನ್‌ಎ ನಳಿಕೆಯಲ್ಲಿದೆ, ಅದರ ಅಕ್ಷರಗಳು ಫೈಲಿನಲ್ಲಿವೆ. ನಡುವಿನ ನೋಡನ್ನು ಮಾತ್ರ ಯಾರೂ ಕಂಡಿಲ್ಲ. ಇಂದಿನ ಈ ಎರಡು ಜಾತಿಗಳು ಹಿಂದೊಮ್ಮೆ ಒಂದೇ ಆಗಿದ್ದವು, ಇಲ್ಲಿ ಬೇರೆಯಾದವು ಎಂದು ಅಕ್ಷರಗಳನ್ನು ಹೋಲಿಸಿ ನಾವು ಊಹಿಸಿದ ಜಾಗ ಅದು. ಊಹೆ ಸುಲಭವೂ ಅಲ್ಲ. ಬರೀ ಹತ್ತು ಜಾತಿಗಳನ್ನು, ಬೇರಿರುವ ಮತ್ತು ಎಲ್ಲ ಕಡೆಯೂ ಎರಡಾಗಿಯೇ ಕವಲೊಡೆಯುವ ವೃಕ್ಷವಾಗಿ ಜೋಡಿಸಲು 3 ಕೋಟಿ 44 ಲಕ್ಷ 59 ಸಾವಿರದ 425 ಬಗೆಗಳಿವೆ. ಅಷ್ಟರಲ್ಲಿ ನಡೆದ ಇತಿಹಾಸ ಒಂದೇ. 1837ರಲ್ಲಿ ಡಾರ್ವಿನ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ ಪುಟ್ಟ ಕವಲು ಚಿತ್ರದಲ್ಲೂ, 1859ರ ಅವನ ಗ್ರಂಥದಲ್ಲಿರುವ ಒಂದೇ ಒಂದು ಚಿತ್ರದಲ್ಲೂ ಇದೇ ಆಕಾರವಿದೆ. ಗೆರೆಗಳು ಕೂಡುವ ಆ ಚುಕ್ಕಿಗಳಲ್ಲಿ ಏನನ್ನು ಬರೆದಿಡಬಹುದು, ಏನನ್ನು ಬರೆದಿಡಬಾರದು ಎಂಬ ಪ್ರಶ್ನೆಯೊಂದಿಗೆ ನನ್ನ ಕೆಲಸದ ಬದುಕಿನ ಬಹುಭಾಗ ಕಳೆದಿದೆ. ಆ ಪ್ರಶ್ನೆಗೆ ನನ್ನ ಮೊದಲ ಪಾಠ ಸಿಕ್ಕಿದ್ದು ಮಾತ್ರ ಲ್ಯಾಬಿನಲ್ಲಲ್ಲ.

ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿ ನನ್ನ ಊರು. ನೇಕಾರಿಕೆಯ ಊರು, ಜೊತೆಗೆ ಕರಿಮಣ್ಣಿನ ಬಯಲು. ಓಣಿಯಲ್ಲಿ ನಡೆದರೆ ಒಳಗಿನಿಂದ ಮಗ್ಗದ ಸದ್ದು, ಊರು ದಾಟಿದರೆ ಹತ್ತಿ, ಜೋಳ, ಶೇಂಗಾ. ಸುಗ್ಗಿ ಮುಗಿದು ಮನೆಗಳಲ್ಲಿ ಕಾಳು ತುಂಬಿದ ಮೇಲೆ ಹೆಳವರು ಬರುತ್ತಿದ್ದರು. ಉತ್ತರ ಕರ್ನಾಟಕದವರಿಗೆ ಹೆಳವರನ್ನು ಪರಿಚಯಿಸಬೇಕಿಲ್ಲ. ಒಕ್ಕಲು ಮನೆಗಳ ವಂಶಾವಳಿಯನ್ನು ತಲೆತಲಾಂತರದಿಂದ ನೆನಪಿನಲ್ಲೂ ಬರಹದಲ್ಲೂ ಕಾಯ್ದುಕೊಂಡು ಬಂದ ಸಮುದಾಯ ಅದು. ನಡೆಯಲಾಗದ ಒಬ್ಬನಿಗೆ ಬಸವಣ್ಣನವರು ಎತ್ತು ಮತ್ತು ಗಂಟೆ ಕೊಟ್ಟು, ಮನೆಮನೆಯ ಕುಲ ಹೇಳಿ ಬದುಕು ಎಂದು ಹರಸಿದರೆಂಬುದು ಅವರು ಹೇಳುವ ಕಥೆ. ಇಂತಿಂಥ ಊರು, ಇಂತಿಂಥ ಮನೆ ಇಂತಿಂಥ ಹೆಳವರಿಗೆ ಎಂಬ ಹಂಚಿಕೆ ಅವರೊಳಗೆ ಇದೆ. ನಮ್ಮ ಮನೆಯ ಹೆಳವ ಎತ್ತಿನ ಮೇಲೆ ಬರುತ್ತಿದ್ದ. ಈಗಿನವರು ಗಾಡಿ ಮಾಡಿಕೊಂಡು ಬರುತ್ತಾರೆ. ಗಂಟೆ ಬಾರಿಸಿ ಬಾಗಿಲ ಮುಂದೆ ನಿಂತನೆಂದರೆ ಅಜ್ಜ ಪಟಗಾ ಸುತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು.

ಹೆಳವ ಎಂದೂ ಅಜ್ಜನಿಂದ ಶುರು ಮಾಡುತ್ತಿರಲಿಲ್ಲ. ಮೂಲಪುರುಷನ ಹೆಸರು, ಅವನು ಯಾವ ಊರು ಬಿಟ್ಟು ಯಾವ ಊರಿಗೆ ಬಂದ, ಎಲ್ಲಿ ಮೊದಲ ಮನೆ ಕಟ್ಟಿದ, ಅವನಿಗೆ ಎಷ್ಟು ಮಕ್ಕಳು ಎಂದು ಅಲ್ಲಿಂದ ಹಿಡಿಯುತ್ತಿದ್ದ. ಹಾಡಿನಂಥ ಒಂದೇ ಎಳೆಯ ದನಿಯಲ್ಲಿ, ಹಿರಿಯ ಮಗನ ಕವಲನ್ನು ಪೂರ್ತಿ ಮುಗಿಸಿ, ಎರಡನೆಯವನಿಗೆ ಮರಳಿ, ಅದನ್ನೂ ಮುಗಿಸಿ, ಮೂರನೆಯವನಿಗೆ ಬಂದು, ಅಲ್ಲಿ ನಮ್ಮ ಮುತ್ತಜ್ಜನನ್ನು ಮುಟ್ಟುತ್ತಿದ್ದ. ಮಕ್ಕಳಾದ ನಮಗೆ ಬೇಕಾದದ್ದು ಅಜ್ಜನ ಹೆಸರು ಕೇಳುವ ಕ್ಷಣ. ಅಲ್ಲಿಯವರೆಗೆ ಕಾಯಬೇಕಿತ್ತು. ‘ಅಜ್ಜನ ಅಜ್ಜ ಯಾರು, ಅಷ್ಟು ಹೇಳ್ರಿ’ ಎಂದು ಅಣ್ಣ ಅವಸರ ಮಾಡಿದರೆ ಹೆಳವ ನಕ್ಕು ಹೇಳುತ್ತಿದ್ದ: ‘ನಡಕ ಹಿಡಿದ್ರ ದಾರಿ ತಪ್ಪತೈತಿ ತಮ್ಮಾ. ಮ್ಯಾಲಿಂದನ ಇಳೀಬೇಕು.’

ಅವನ ಆ ಮಾತನ್ನು ನಾನು ಬಹಳ ವರ್ಷಗಳ ನಂತರ ಬಯೋಪೈಥಾನ್ ಎಂಬ ಪೈಥಾನ್ ಸಲಕರಣೆಯ ಕೋಡ್ ಓದುವಾಗ ಅಕ್ಷರಶಃ ಕಂಡೆ. ಬಯೋಪೈಥಾನ್‌ನ ಫೈಲೋ ಎಂಬ ಭಾಗ ವಿಕಾಸವೃಕ್ಷಗಳಿಗಾಗಿ ಇರುವಂಥದ್ದು. ಅದರ ನೋಡ್‌ಗೆ ಕ್ಲೇಡ್ ಎಂದು ಹೆಸರು. ಕ್ಲೇಡ್‌ಗೆ ತನ್ನ ಮಕ್ಕಳು ಗೊತ್ತು, ತನ್ನ ಮೇಲಿನವರು ಗೊತ್ತಿಲ್ಲ. ಯಾವುದೋ ಎಲೆಯ ತಾಯಿ ನೋಡ್ ಯಾವುದೆಂದು ಕೇಳಿದರೆ ಅದು ಬೇರಿನಿಂದ ಹೊರಟು ಆ ಎಲೆಯವರೆಗಿನ ದಾರಿಯನ್ನು ಹುಡುಕಿ, ದಾರಿಯ ಕೊನೆಗಿಂತ ಒಂದು ಹೆಜ್ಜೆ ಹಿಂದಿನದನ್ನು ಕೊಡುತ್ತದೆ. ಮೊದಲು ನೋಡಿದವರಿಗೆ ಇದು ಕೊರತೆಯಂತೆ ಕಾಣುತ್ತದೆ. ಆದರೆ ಇದರ ಹಿಂದೆ ಯೋಚನೆ ಇದೆ. ಕ್ಲೇಡ್ ಎಂದರೆ ಒಂದು ಪೂರ್ವಜ ಮತ್ತು ಅದರ ಎಲ್ಲ ಸಂತತಿ. ಅದು ತನ್ನಷ್ಟಕ್ಕೆ ಪೂರ್ಣ. ಮೇಲಿನ ಹಂಗಿಲ್ಲದಿದ್ದರೆ ಕೊಂಬೆಯೊಂದನ್ನು ಎತ್ತಿ ಬೇರೆಡೆ ಇಡಬಹುದು, ನಕಲು ಮಾಡಬಹುದು, ಅದನ್ನೇ ಒಂದು ಚಿಕ್ಕ ವೃಕ್ಷವೆಂದು ಬಳಸಬಹುದು. ಮೇಲಕ್ಕೂ ಕೆಳಕ್ಕೂ ಕೊಂಡಿ ಇಟ್ಟರೆ ಪ್ರತಿ ಬದಲಾವಣೆಯನ್ನೂ ಎರಡು ಕಡೆ ಬರೆಯಬೇಕು. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ತಾಯಿ ನೋಡ್ ಒಂದನ್ನು ತನ್ನ ಮಗುವೆನ್ನುತ್ತದೆ, ಆ ಮಗು ಇನ್ನೊಂದನ್ನು ತಾಯಿ ಎನ್ನುತ್ತದೆ, ಪ್ರೋಗ್ರಾಮ್ ಯಾವ ದೂರೂ ಹೇಳದೆ ಓಡುತ್ತಲೇ ಇರುತ್ತದೆ.

ಈಟಿಇ ಎಂಬ ಇನ್ನೊಂದು ಪೈಥಾನ್ ಸಲಕರಣೆ ಬೇರೆ ದಾರಿ ಹಿಡಿದಿದೆ. ಅದರ ಪ್ರತಿ ನೋಡ್‌ಗೂ ಮೇಲಕ್ಕೆ ಒಂದು ಕೊಂಡಿ ಇದೆ. ಎರಡು ಎಲೆಗಳ ಸಮೀಪದ ಪೂರ್ವಜ ಯಾರೆಂದು ಪದೇ ಪದೇ ಕೇಳುವ ಕೆಲಸಕ್ಕೆ ಅದು ಒಗ್ಗುತ್ತದೆ. ಆರ್ ಭಾಷೆಯ ಏಪ್ ಪ್ಯಾಕೇಜಿನಲ್ಲಿ ನೋಡ್ ಎಂಬ ವಸ್ತುವೇ ಇಲ್ಲ. ಅಲ್ಲಿರುವುದು ಎರಡು ಕಂಬಸಾಲಿನ ಒಂದು ಕೋಷ್ಟಕ. ಎಡಗಡೆ ತಾಯಿಯ ಸಂಖ್ಯೆ, ಬಲಗಡೆ ಮಗುವಿನ ಸಂಖ್ಯೆ. ಎಲೆಗಳಿಗೆ 1ರಿಂದ ಶುರುವಾಗಿ ಸಂಖ್ಯೆ, ಎಲೆಗಳು ಮುಗಿದ ಮರುಸಂಖ್ಯೆ ಬೇರಿಗೆ. ಇಡೀ ವೃಕ್ಷ ಅಂಕಿಗಳ ಜೋಡಿಗಳಾಗಿ ಕೂರುವುದರಿಂದ ಲೆಕ್ಕ ಬೇಗ ಸಾಗುತ್ತದೆ, ಕಣ್ಣಿನಿಂದ ಓದುವುದು ಕಷ್ಟ. ಮೂರರಲ್ಲೂ ಇರುವುದು ಒಂದೇ ವೃಕ್ಷ. ಕೇಳಲಿರುವ ಪ್ರಶ್ನೆ ಯಾವುದೆಂದು ಮೊದಲೇ ಯೋಚಿಸಿದವರು ಮಾತ್ರ ಇವುಗಳಲ್ಲಿ ಸರಿಯಾದದ್ದನ್ನು ಆರಿಸಿಕೊಳ್ಳಬಲ್ಲರು. ಇದನ್ನು ನಾನು ಹೊಸ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಅವರು ಮಾತ್ರ ವೇಗದ ಬಗ್ಗೆಯೇ ಕೇಳುತ್ತಾರೆ.

ಹೆಳವನ ಕೈಯಲ್ಲಿ ಚೋಪಡಿ ಇತ್ತು. ಹಿಂದೆ ತಾಮ್ರಪಟ, ತಾಳೆಗರಿಗಳಲ್ಲಿ ಇದ್ದದ್ದು ಆಮೇಲೆ ಕಾಗದಕ್ಕೆ ಬಂದಿತ್ತು. ವರ್ಷದಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರನ್ನು ಅಜ್ಜನನ್ನು ಕೇಳಿ ಬರೆದುಕೊಳ್ಳುತ್ತಿದ್ದ. ಆಮೇಲೆ ಅವ್ವ ಮೊರದಲ್ಲಿ ಜೋಳ ತಂದು ಸುರಿಯುತ್ತಿದ್ದಳು. ಒಂದು ವರ್ಷ ನಾನು ಅವನ ಪಕ್ಕಕ್ಕೆ ಹೋಗಿ ಕುಳಿತು, ಅಣ್ಣನ ಹೆಸರಿನ ಪಕ್ಕ ನನ್ನದೂ ಇದೆಯೇ ಎಂದು ಕೇಳಿದೆ. ಓದು ಬರಹ ಆಗಷ್ಟೇ ಬಂದಿದ್ದ ವಯಸ್ಸು. ಬರೆದದ್ದರಲ್ಲೆಲ್ಲ ನನ್ನ ಹೆಸರು ಇದೆಯೇ ಎಂದು ಹುಡುಕುವ ಹಂಬಲ.

‘ನಮ್ಮ ಮನಿತನದ ಚೋಪಡ್ಯಾಗ ಹೆಣ್ಮಕ್ಕಳ ಹೆಸರು ಬರೂದಿಲ್ಲವ್ವಾ,’ ಎಂದು ಅಜ್ಜನೇ ಹೇಳಿದರು. ‘ನೀ ಕೊಟ್ಟ ಮನಿಗೆ ಹೋಗಾಕಿ.’

ಹೆಳವ ನನ್ನ ಮುಖ ನೋಡಿ, ‘ನಿನ್ನ ಮಕ್ಕಳ ಹೆಸರು ಆ ಮನಿ ಚೋಪಡ್ಯಾಗ ಬರ್ತೈತಿ ತಂಗೀ’ ಎಂದ. ಸಮಾಧಾನಕ್ಕೆ ಹೇಳಿದ್ದು. ನಾನು ಅವ್ವನ ಕಡೆ ನೋಡಿದೆ. ಅವಳ ಹೆಸರೂ ಅಲ್ಲಿರಲಿಲ್ಲ, ಆಯಿಯದೂ ಇರಲಿಲ್ಲ. ಎಷ್ಟೋ ತಲೆಮಾರುಗಳ ಹೆಸರು ಹೇಳುವ ಆ ಹಾಡಿನಲ್ಲಿ ಯಾರನ್ನೂ ಯಾವ ಹೆಣ್ಣೂ ಹೆತ್ತಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ಅಂದೂ ಇರಲಿಲ್ಲ. ಅವನ ನೆನಪಿನ ಶಕ್ತಿಗೆ ನಾನು ಇಂದಿಗೂ ಬೆರಗಾಗುತ್ತೇನೆ. ಅವನ ಚೋಪಡಿಯ ಪ್ರತಿ ಹೆಸರಿನ ಮೇಲೆ ಒಂದೇ ಹೆಸರಿಗೆ ಜಾಗವಿತ್ತು, ಅಷ್ಟೆ.

ಧಾರವಾಡದಲ್ಲಿ ಓದು, ಆಮೇಲೆ ಬೆಂಗಳೂರು. ಅಲ್ಲಿನ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಡ್ ಬರೆಯುವುದನ್ನು ಕಲಿತದ್ದು ಅಲ್ಲೇ. ವೃಕ್ಷಗಳನ್ನು ಫೈಲಿನಲ್ಲಿ ಬರೆದಿಡುವ ನ್ಯೂವಿಕ್ ಎಂಬ ಪದ್ಧತಿಯನ್ನು ಮೊದಲು ಕಂಡದ್ದೂ ಅಲ್ಲೇ. ಅದು ಬರೀ ಕಂಸಗಳ ಬರಹ. ಒಂದೇ ತಾಯಿಯ ಮಕ್ಕಳನ್ನು ಒಂದು ಕಂಸದೊಳಗೆ ಹಾಕಿ, ನಡುವೆ ಅಲ್ಪವಿರಾಮ ಇಟ್ಟು, ಕೊನೆಗೆ ಅರ್ಧವಿರಾಮ ಇಟ್ಟರೆ ಮುಗಿಯಿತು. ಹತ್ತಿಯ ಮೂರು ಜಾತಿಗಳನ್ನು ಹೀಗೆ ಬರೆಯಬಹುದು: ((ಅರ್ಬೋರಿಯಂ,ಹರ್ಬೇಸಿಯಂ),ರೈಮಂಡಿ); ಮೊದಲ ಎರಡು ಒಡಹುಟ್ಟಿದವು, ರೈಮಂಡಿ ದೂರದ ಬಂಧು. ಕವಲುಗಳನ್ನು ಹೀಗೆ ಕಂಸಗಳಲ್ಲಿ ಬರೆಯಬಹುದೆಂದು ಗಣಿತಜ್ಞ ಆರ್ಥರ್ ಕೇಲಿ 1857ರಲ್ಲೇ ಗಮನಿಸಿದ್ದ. ಜೀವಶಾಸ್ತ್ರದವರು ಒಟ್ಟಾಗಿ ಒಪ್ಪಿಕೊಂಡದ್ದು 1986ರ ಜೂನ್ 26ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡೋವರ್ ಊರಿನ ನ್ಯೂವಿಕ್ಸ್ ಎಂಬ ಹೋಟೆಲಿನಲ್ಲಿ. ಜೋಸೆಫ್ ಫೆಲ್ಸೆನ್‌ಸ್ಟೈನ್, ಡೇವಿಡ್ ಸ್ವಾಫರ್ಡ್, ವೇಯ್ನ್ ಮ್ಯಾಡಿಸನ್ ಮೊದಲಾದ ಏಳು ಮಂದಿ ಊಟಕ್ಕೆ ಕುಳಿತು ತೀರ್ಮಾನಿಸಿದ ಪದ್ಧತಿ. ತಮ್ಮ ತಮ್ಮ ಪ್ರೋಗ್ರಾಮುಗಳು ಒಂದರ ಫೈಲನ್ನು ಇನ್ನೊಂದು ಓದಬೇಕು ಎಂಬ ಸಣ್ಣ ಆಸೆ ಅವರದು. ಆ ಆಸೆಯ ಫಲವಾಗಿ ಇಂದು ಬೆಂಗಳೂರಿನ ವಿದ್ಯಾರ್ಥಿನಿ ಕಟ್ಟಿದ ವೃಕ್ಷವನ್ನು ಎಲ್ಲಿಯವರು ಬೇಕಾದರೂ ತೆರೆದು ನೋಡಬಹುದು. ಇಂಥ ಕೆಲಸ ಮಾಡಿದವರನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ನ್ಯೂವಿಕ್‌ನಲ್ಲಿ ಮುಚ್ಚುವ ಕಂಸದ ನಂತರ ನಡುವಿನ ನೋಡ್‌ಗೆ ಒಂದು ಹೆಸರು ಬರೆಯಲು ಜಾಗವಿದೆ. ನಡುವಿನ ನೋಡ್‌ಗಳಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಖಾಲಿ ಜಾಗ ಕಂಡ ಜನ ಅಲ್ಲಿ ಬೇರೇನನ್ನೋ ತುಂಬಲು ಶುರು ಮಾಡಿದರು. ಇದು ನಾನು ಕಂಡ ದೊಡ್ಡ ತೊಡಕುಗಳಲ್ಲಿ ಒಂದು, ಹಾಗಾಗಿ ಸ್ವಲ್ಪ ನಿಂತು ಹೇಳಬೇಕು.

1985ರಲ್ಲಿ ಫೆಲ್ಸೆನ್‌ಸ್ಟೈನ್ ವಿಕಾಸವೃಕ್ಷಗಳಿಗೆ ಬೂಟ್‌ಸ್ಟ್ರಾಪ್ ಎಂಬ ಪರೀಕ್ಷೆಯನ್ನು ತಂದರು. ಜೋಡಿಸಿಟ್ಟ ಡಿಎನ್‌ಎ ಸಾಲುಗಳಿಂದ ಕಂಬಸಾಲುಗಳನ್ನು ಮನಬಂದಂತೆ ಮತ್ತೆ ಮತ್ತೆ ಆರಿಸಿ, ನೂರು ಸಲವೋ ಸಾವಿರ ಸಲವೋ ವೃಕ್ಷ ಕಟ್ಟಿ, ನಮ್ಮ ವೃಕ್ಷದ ಒಂದೊಂದು ಗುಂಪೂ ಎಷ್ಟು ಸಲ ಮರಳಿ ಬಂತೆಂದು ಎಣಿಸುವುದು. ನೂರರಲ್ಲಿ 98 ಸಲ ಬಂದರೆ ಆ ಗುಂಪನ್ನು ಗಟ್ಟಿಯಾಗಿ ನಂಬಬಹುದು, 40 ಸಲ ಬಂದರೆ ಕೈ ತಡೆಯಬೇಕು. ಈ ಅಂಕಿಯನ್ನು ಬರೆದಿಡಲು ನ್ಯೂವಿಕ್‌ನಲ್ಲಿ ಬೇರೆ ಜಾಗವಿರಲಿಲ್ಲ, ನೋಡಿನ ಹೆಸರಿನ ಜಾಗದಲ್ಲಿ ಬರೆದರು. ಓದುವ ಪ್ರೋಗ್ರಾಮುಗಳು ಅದನ್ನು ನೋಡಿನ ಗುಣವೆಂದೇ ತೆಗೆದುಕೊಂಡವು.

ಆದರೆ 98 ಎಂಬುದು ನೋಡಿನ ಗುಣವಲ್ಲ, ಕೊಂಬೆಯದು. ಒಂದು ಕೊಂಬೆಯನ್ನು ಕಡಿದರೆ ಎಲೆಗಳೆಲ್ಲ ಎರಡು ಪಾಲಾಗುತ್ತವೆ, ಈ ಕಡೆಯವು, ಆ ಕಡೆಯವು. ಆ ಪಾಲಿಗೆ ಸಿಕ್ಕ ಸಾಕ್ಷಿಯ ಅಳತೆ ಅದು. ಬೇರು ಎಲ್ಲಿದ್ದರೂ ಪಾಲು ಬದಲಾಗುವುದಿಲ್ಲ. ನೋಡ್ ಹಾಗಲ್ಲ. ಬೇರನ್ನು ಕಿತ್ತು ಬೇರೆ ಕಡೆ ನೆಟ್ಟರೆ, ಹಳೆಯ ಬೇರಿನಿಂದ ಹೊಸ ಬೇರಿನವರೆಗಿನ ದಾರಿಯಲ್ಲಿರುವ ನೋಡ್‌ಗಳೆಲ್ಲ ಮಗುವಾಗಿದ್ದವು ತಾಯಿಯಾಗುತ್ತವೆ, ತಾಯಿಯಾಗಿದ್ದವು ಮಗುವಾಗುತ್ತವೆ. ಅಂಕಿ ನೋಡಿಗೆ ಅಂಟಿಕೊಂಡಿದ್ದರೆ ಅದು ಪಕ್ಕದ ಕೊಂಬೆಯ ಪಾಲಾಗುತ್ತದೆ. ಬೇರು ಬದಲಿಸುವುದು ಅಪರೂಪದ ಕೆಲಸವೂ ಅಲ್ಲ, ದಿನನಿತ್ಯದ್ದು. ಬಹಳಷ್ಟು ವಿಧಾನಗಳು ಬೇರಿಲ್ಲದ ವೃಕ್ಷವನ್ನೇ ಕೊಡುತ್ತವೆ, ದೂರದ ಬಂಧುವೊಂದನ್ನು ಸೇರಿಸಿ ಬೇರನ್ನು ನಾವೇ ಗೊತ್ತುಮಾಡಬೇಕು.

ನಮ್ಮ ಗುಂಪಿನಲ್ಲಿ ಒಮ್ಮೆ ಹೀಗೆ ಬೇರು ಬದಲಿಸಿದ ವೃಕ್ಷವೊಂದು ಪರದೆಯ ಮೇಲೆ ಬಂತು. ಹಿಂದಿನ ದಿನ ದುರ್ಬಲವಾಗಿದ್ದ ಗುಂಪು ಇದ್ದಕ್ಕಿದ್ದಂತೆ ಗಟ್ಟಿಯಾಗಿತ್ತು. ಯಾರೂ ಹೊಸ ಮಾಹಿತಿ ಸೇರಿಸಿರಲಿಲ್ಲ. ಸಂಜೆಯವರೆಗೆ ಎಲ್ಲರೂ ಕಾಗದದ ಮೇಲೆ ಪಾಲು ಬರೆದು ಬರೆದು ನೋಡಿ, ಅಂಕಿ ಒಂದು ಕೊಂಬೆಯಷ್ಟು ಜರುಗಿದ್ದನ್ನು ಕಂಡುಕೊಂಡೆವು. 2017ರಲ್ಲಿ ಲೂಕಾಸ್ ಚೆಕ್, ಹೈಮೆ ವೆರ್ತಾ-ಸೆಪಾಸ್ ಮತ್ತು ಅಲೆಕ್ಸಾಂಡ್ರೋಸ್ ಸ್ಟಮಟಾಕಿಸ್ ಇದೇ ವಿಷಯದ ಮೇಲೆ ಪ್ರಬಂಧ ಬರೆದು, ಜನಪ್ರಿಯವಾದ ಹಲವು ವೃಕ್ಷದರ್ಶಕಗಳು ಮತ್ತು ಸಲಕರಣೆಗಳು ಬೇರು ಬದಲಿಸಿದಾಗ ಅಂಕಿಗಳನ್ನು ತಪ್ಪು ಕೊಂಬೆಗೆ ಕಟ್ಟುತ್ತಿವೆ ಎಂದು ತೋರಿಸಿದರು. ಅದನ್ನು ಓದಿದ ದಿನ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಯಾವ ಮಾತನ್ನು ಯಾರ ಹೆಸರಿನಲ್ಲಿ ಬರೆಯಬೇಕು ಎಂಬುದು ಬರಿಯ ಅಚ್ಚುಕಟ್ಟುತನದ ವಿಷಯವಲ್ಲ, ವಿಜ್ಞಾನವೇ ಅದರ ಮೇಲೆ ನಿಂತಿದೆ ಎಂದು ಅಷ್ಟು ಸ್ಪಷ್ಟವಾಗಿ ಬರೆದವರನ್ನು ನಾನು ಅದುವರೆಗೆ ಓದಿರಲಿಲ್ಲ.

ಇಷ್ಟಾದರೂ ನನ್ನ ನೋಡ್‌ನಲ್ಲಿ ಮೇಲಿನವರಿಗೆ ಒಂದೇ ಜಾಗವಿತ್ತು. ಅದನ್ನು ಪ್ರಶ್ನಿಸುವಂತೆ ಮಾಡಿದ್ದು ಹತ್ತಿ.

ನಮ್ಮ ಭಾಗದ ಕರಿಮಣ್ಣಿಗೆ ಹಳೆಯ ಹತ್ತಿ ಎಂದರೆ ಜವಾರಿ ಹತ್ತಿ, ಹರ್ಬೇಸಿಯಂ ಜಾತಿಯದು. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ಅದು ಕುಮಟಾ ಹತ್ತಿಯಾಗಿತ್ತು. ಈಚಿನ ಜಯಧರ ತಳಿಯೂ ಅದೇ ಜಾತಿ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿಬೀಜ ತರಿಸಿ ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿತು. ಅದು ಹಿರ್ಸುಟಂ ಜಾತಿ, ಧಾರವಾಡ-ಅಮೆರಿಕನ್ ಎಂದು ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಗದಗ, ಹುಬ್ಬಳ್ಳಿ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದ ಕಥೆ ನಮ್ಮ ಕಡೆಯ ಹಿರಿಯರ ಮಾತಿನಲ್ಲಿ ಇನ್ನೂ ಇದೆ. ಹೀಗೆ ಒಂದೇ ಬಯಲಿನಲ್ಲಿ ಎರಡು ಹತ್ತಿಗಳು ಅಕ್ಕಪಕ್ಕ ನಿಂತವು. ಅವುಗಳ ನಂಟು ಆಗ ಯಾರಿಗೂ ಗೊತ್ತಿರಲಿಲ್ಲ.

ಜವಾರಿ ಹತ್ತಿಯ ಜೀವಕೋಶದಲ್ಲಿ 26 ಕ್ರೋಮೋಸೋಮುಗಳು, ಅಮೆರಿಕನ್ ಹತ್ತಿಯಲ್ಲಿ 52. ಆ 52ರಲ್ಲಿ 26 ಹಳೆಯ ಜಗತ್ತಿನ ಹತ್ತಿಯವನ್ನು ಹೋಲುತ್ತವೆ, ಉಳಿದ 26 ದಕ್ಷಿಣ ಅಮೆರಿಕದ ಪೆರುವಿನಲ್ಲಿ ಬೆಳೆಯುವ ರೈಮಂಡಿಯಂಥ ಕಾಡುಹತ್ತಿಯವನ್ನು. 1940ರಲ್ಲಿ ಜೆ. ಓ. ಬೀಸ್ಲಿ ಏಷ್ಯಾದ ಅರ್ಬೋರಿಯಂ ಹತ್ತಿಯನ್ನು ಅಮೆರಿಕದ ಕಾಡುಹತ್ತಿಯೊಂದಿಗೆ ಕೂಡಿಸಿ, ಕಾಲ್ಚಿಸಿನ್ ಹಾಕಿ ಕ್ರೋಮೋಸೋಮುಗಳನ್ನು ಇಮ್ಮಡಿಸಿ, ಅಂಥದ್ದೇ ಗಿಡವನ್ನು ಕೈಯಾರೆ ಮಾಡಿ ತೋರಿಸಿದ. ಸುಮಾರು ಹತ್ತರಿಂದ ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಸಾಗರ ದಾಟಿ ಬಂದ ಹಳೆ ಜಗತ್ತಿನ ಹತ್ತಿಯೊಂದು ಅಲ್ಲಿನ ಕಾಡುಹತ್ತಿಯೊಂದಿಗೆ ಕೂಡಿತು. ಆ ಕೂಡುವಿಕೆಯ ಸಂತತಿಯೇ ಇಂದು ಜಗತ್ತಿನ ಬಹುಪಾಲು ಹತ್ತಿಬಟ್ಟೆಗೆ ನೂಲು ಕೊಡುತ್ತಿರುವ ಹಿರ್ಸುಟಂ.

ಈಗ ಇದನ್ನು ನನ್ನ ನೋಡ್‌ನಲ್ಲಿ ಹೇಗೆ ಬರೆಯುವುದು? ಹಿರ್ಸುಟಂ ಎಂಬ ಎಲೆಯನ್ನು ಅರ್ಬೋರಿಯಂ-ಹರ್ಬೇಸಿಯಂ ಕವಲಿನ ಪಕ್ಕ ಇಡಲೋ, ರೈಮಂಡಿಯ ಪಕ್ಕ ಇಡಲೋ? ಒಂದು ಕಡೆ ಇಟ್ಟರೆ ಇನ್ನೊಂದು ಕಡೆಯ ಅರ್ಧ ಇತಿಹಾಸ ಹೋಗುತ್ತದೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಮಾಡುವುದು, ಹಿರ್ಸುಟಂ ಅನ್ನು ಎರಡು ಎಲೆಗಳಾಗಿ ಸೀಳಿ, ಎ ಎಂದು ಕರೆಯುವ ಹಳೆ ಜಗತ್ತಿನ ಪಾಲನ್ನು ಇಲ್ಲಿ, ಡಿ ಎಂದು ಕರೆಯುವ ಅಮೆರಿಕದ ಪಾಲನ್ನು ಅಲ್ಲಿ ಇಡುವುದು. ವೃಕ್ಷ ವೃಕ್ಷವಾಗಿಯೇ ಉಳಿಯುತ್ತದೆ, ಗಿಡ ಮಾತ್ರ ಎರಡು ತುಂಡಾಗುತ್ತದೆ.

ಆ ದಿನಗಳಲ್ಲೇ ನಾನು ಜೋನಾಥನ್ ವೆಂಡೆಲ್ ಅವರ 1989ರ ಪ್ರಬಂಧವನ್ನು ಓದಿದ್ದು. ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಕ್ಕೆ ತನ್ನದೇ ಡಿಎನ್‌ಎ ಇದೆ, ಹತ್ತಿಯಲ್ಲಿ ಅದು ತಾಯಿಯಿಂದಷ್ಟೇ ಮಕ್ಕಳಿಗೆ ಬರುತ್ತದೆ. ವೆಂಡೆಲ್ ಅದನ್ನು ಹೋಲಿಸಿ ನೋಡಿದರು. ಅಮೆರಿಕದ ನಾಲ್ಮಡಿ ಹತ್ತಿಗಳ, ಅಂದರೆ 52 ಕ್ರೋಮೋಸೋಮುಗಳ ಹತ್ತಿಗಳ, ಕ್ಲೋರೋಪ್ಲಾಸ್ಟ್ ಹಳೆ ಜಗತ್ತಿನದು. ಅಂದರೆ ಆ ಪುರಾತನ ಕೂಡುವಿಕೆಯಲ್ಲಿ ತಾಯಿ ನಮ್ಮ ಜವಾರಿ ಹತ್ತಿಯ ಕುಲದವಳು, ತಂದೆ ಅಮೆರಿಕದವನು. ಕ್ಲೋರೋಪ್ಲಾಸ್ಟ್ ಒಂದರಿಂದಲೇ ವೃಕ್ಷ ಕಟ್ಟಿದರೆ ಹಿರ್ಸುಟಂ ಹೋಗಿ ಅರ್ಬೋರಿಯಂ, ಹರ್ಬೇಸಿಯಂಗಳ ಪಕ್ಕ ಕೂರುತ್ತದೆ, ರೈಮಂಡಿಯ ಸುಳಿವೇ ಇರುವುದಿಲ್ಲ. ಅಂಕಿಗಳೆಲ್ಲ 100 ಇರಬಹುದು, ವೃಕ್ಷದಲ್ಲಿ ಒಂದು ಲೋಪವೂ ಕಾಣುವುದಿಲ್ಲ.

ಅದನ್ನು ಓದಿ ನಾನು ಬಹಳ ಹೊತ್ತು ಹಾಗೇ ಕುಳಿತಿದ್ದೆ. ನಮ್ಮ ಮನೆಯ ಚೋಪಡಿಯಲ್ಲಿ ತಂದೆಯರು ಮಾತ್ರ ಇದ್ದರು. ಕ್ಲೋರೋಪ್ಲಾಸ್ಟಿನ ಚೋಪಡಿಯಲ್ಲಿ ತಾಯಂದಿರು ಮಾತ್ರ. ಎರಡರಲ್ಲೂ ಬರೆದದ್ದು ಸತ್ಯ. ಪ್ರತಿಯೊಂದು ಹೆಸರಿನ ಮೇಲೆ ಒಂದೇ ಕೊಂಡಿಗೆ ಜಾಗ ಬಿಟ್ಟ ಕೂಡಲೇ ಇನ್ನೊಂದು ಕಡೆಯವರು ಇತಿಹಾಸದಿಂದ ಹೊರಗೆ ಹೋಗುತ್ತಾರೆ. ಆಮೇಲೆ ಎಷ್ಟು ಎಚ್ಚರದಿಂದ ಲೆಕ್ಕ ಮಾಡಿದರೂ ಅವರು ಒಳಗೆ ಬರುವುದಿಲ್ಲ, ಯಾಕೆಂದರೆ ಅವರ ಬಗ್ಗೆ ಪ್ರಶ್ನೆ ಕೇಳಲಿಕ್ಕೇ ಕೋಡ್‌ನಲ್ಲಿ ದಾರಿ ಇಲ್ಲ.

ಒಂದು ಗಿಡಕ್ಕೆ ಎರಡು ಕಡೆಯ ಹೆಸರೂ ಬೇಕೆಂಬುದು ನಮ್ಮ ಕಡೆಯ ಹೆಂಗಸರಿಗೆ ಹೊಸ ಮಾತಲ್ಲ. ಧಾರವಾಡದಲ್ಲಿ ಬೆಳೆಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂತು, ಹಿರ್ಸುಟಂ ಮತ್ತು ಬಾರ್ಬಡೆನ್ಸ್ ಎಂಬ ಎರಡು ಬೇರೆ ಜಾತಿಗಳ ಮಿಶ್ರತಳಿ. 1981ರಲ್ಲಿ ಡಿಸಿಎಚ್-32, ರೈತರ ಬಾಯಲ್ಲಿ ಜಯಲಕ್ಷ್ಮಿ. ಇಂಥ ಬೀಜ ತಾನಾಗಿ ಆಗುವುದಿಲ್ಲ, ಒಂದೊಂದು ಹೂವನ್ನೂ ಕೈಯಿಂದ ಕೂಡಿಸಬೇಕು. ಬೀಜದ ಪ್ಲಾಟುಗಳಿಗೆ ಕ್ರಾಸಿಂಗ್ ಮಾಡಲು ಹೋಗುವವರು ಹೆಂಗಸರು, ಹುಡುಗಿಯರು. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನಲ್ಲಿ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಕೇಸರಗಳ ಕವಚವನ್ನು ಸುತ್ತಲೂ ಬಿಡಿಸಿ, ಶಲಾಕೆಗೆ ಪೆಟ್ಟಾಗದಂತೆ ತೆಗೆದು, ಗುರುತಿಗೆ ಬಣ್ಣದ ಕಾಗದ ಮುಚ್ಚುವುದು. ಮರುದಿನ ಬೆಳಿಗ್ಗೆ ಗಂಡು ಸಾಲಿನಿಂದ ಹೂ ತಂದು ಒತ್ತುವುದು. ಅವ್ವನೂ ಕೆಲವು ಹಂಗಾಮು ಹೋಗಿದ್ದಳು. ಉಗುರಿನ ಸಂದಿಯ ಹಳದಿ ಹೋಗಲು ದಿನಗಳು ಹಿಡಿಯುತ್ತಿದ್ದವು. ಪ್ಲಾಟಿನ ಬದುವಿನಲ್ಲಿ ನೆಟ್ಟ ಹಲಗೆಯ ಮೇಲೆ ಎರಡು ಹೆಸರು ಇರುತ್ತಿದ್ದವು, ಹೆಣ್ಣಿನದು ಮೊದಲು, ಗಂಡಿನದು ಆಮೇಲೆ. ತಳಿಶಾಸ್ತ್ರದ ಬರವಣಿಗೆಯಲ್ಲಿ ಇಂದಿಗೂ ಅದೇ ಕ್ರಮ.

ಎರಡು ಮೇಲ್ಕೊಂಡಿಗಳ ನೋಡನ್ನು ಬರೆಯುವ ದಾರಿ ಇದೆ. 2008ರಲ್ಲಿ ಗಾಬ್ರಿಯೆಲ್ ಕಾರ್ಡೋನಾ, ಫ್ರಾನ್ಸೆಸ್ಕ್ ರೊಸ್ಸೆಲ್ಲೋ, ಗಾಬ್ರಿಯೆಲ್ ವಲಿಯೆಂಟೆ ಸೇರಿ ನ್ಯೂವಿಕ್ ಪದ್ಧತಿಯನ್ನು ವಿಸ್ತರಿಸಿದರು. ಮಿಶ್ರ ನೋಡನ್ನು ಒಂದೇ ಗುರುತು ಹಾಕಿ ಎರಡು ಕಡೆ ಬರೆಯುವುದು ಅವರ ಉಪಾಯ: (((ಅರ್ಬೋರಿಯಂ,ಹರ್ಬೇಸಿಯಂ),(ಹಿರ್ಸುಟಂ)#ಎಚ್1),(ರೈಮಂಡಿ,#ಎಚ್1)); ಓದುವ ಪ್ರೋಗ್ರಾಮ್ ಎರಡು ಗುರುತುಗಳನ್ನೂ ಒಂದೇ ನೋಡೆಂದು ಹಿಡಿಯುತ್ತದೆ. ನಾಲ್ಮಡಿ ಹತ್ತಿಗೆ ತಾಯಿಯಾದ ಗಿಡ ಇಂದಿನ ಹರ್ಬೇಸಿಯಮ್ಮೂ ಅಲ್ಲ, ಅರ್ಬೋರಿಯಮ್ಮೂ ಅಲ್ಲ, ಇಂದು ಉಳಿದಿಲ್ಲದ ಒಂದು ಪೂರ್ವಜ ಎಂಬ ವಾದವನ್ನು 2020ರಲ್ಲಿ ಜೀನೋಮ್‌ಗಳನ್ನು ಹೋಲಿಸಿದವರು ಮುಂದಿಟ್ಟಿದ್ದಾರೆ. ಮೇಲಿನ ಸಾಲಿನಲ್ಲಿ ಆ ಗುರುತು ಅವೆರಡರ ಹೊರಗೆ ನಿಂತಿರುವುದು ಅದಕ್ಕೇ.

ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ವೃಕ್ಷದಲ್ಲಿ ಯಾವ ಎಲೆಗಾದರೂ ಬೇರಿನಿಂದ ಒಂದೇ ದಾರಿ. ಎಲೆಗಳಿಂದ ಬೇರಿನ ಕಡೆಗೆ ಒಂದೊಂದೇ ನೋಡನ್ನು ಮುಗಿಸುತ್ತ ಬರುವ ಫೆಲ್ಸೆನ್‌ಸ್ಟೈನ್ ಅವರ 1981ರ ಲೆಕ್ಕಾಚಾರ ಅದನ್ನೇ ನಂಬಿದೆ. ಕವಲುಗಳು ಮತ್ತೆ ಕೂಡಿದರೆ ಅದು ಜಾಲವಾಗುತ್ತದೆ. ಇಳಿಯುತ್ತ ಬಂದವರು ಒಂದೇ ನೋಡನ್ನು ಎರಡು ಸಲ ಮುಟ್ಟುತ್ತಾರೆ, ಮುಟ್ಟಿದ್ದನ್ನು ಗುರುತಿಡಬೇಕು. ಜೀನ್ ಒಂದೊಂದೂ ಯಾವ ಕಡೆಯಿಂದ ಬಂತೆಂದು ಬೇರೆ ಬೇರೆ ಲೆಕ್ಕ ಹಾಕಬೇಕು. ಎಲೆಗಳು ಹೆಚ್ಚಿದಂತೆ ಕೆಲಸ ಎಷ್ಟೋ ಪಟ್ಟು ಭಾರವಾಗುತ್ತದೆ. ಹಾಗಾಗಿ ಎಲ್ಲರೂ ಎಲ್ಲಕ್ಕೂ ಜಾಲವನ್ನೇ ಬಳಸಬೇಕೆಂದು ನಾನು ಹೇಳುವುದಿಲ್ಲ. ಕೂಡಿದ ಕುರುಹು ಇರುವ ಕಡೆ ಅದಕ್ಕೆ ಜಾಗವಿಲ್ಲದ ನೋಡನ್ನು ಬಳಸಬಾರದು ಎಂಬುದನ್ನು ಮಾತ್ರ ಬಿಡದೆ ಹೇಳುತ್ತೇನೆ. ನನ್ನ ಕ್ಲಾಸಿನಲ್ಲಿ ‘ಮೇಲಿನವರು’ ಎಂಬುದು ಈಗ ಒಂದು ಕೊಂಡಿಯಲ್ಲ, ಪಟ್ಟಿ. ಬಹುತೇಕ ನೋಡ್‌ಗಳಲ್ಲಿ ಆ ಪಟ್ಟಿಯಲ್ಲಿ ಒಂದೇ ಹೆಸರಿರುತ್ತದೆ.

ಅಜ್ಜ ತೀರಿಕೊಂಡ ಮೇಲೆ ನಮ್ಮ ಮನೆಗೆ ಹೆಳವರು ಬರುವುದು ನಿಂತುಹೋಯಿತು. ಕೆಲ ವರ್ಷಗಳ ಹಿಂದೆ, ದೀಪಾವಳಿಗೆ ಶಿಗ್ಲಿಗೆ ಹೋದಾಗ, ಅದೇ ಕ್ಲಾಸನ್ನು ತೆಗೆದುಕೊಂಡು ನಮ್ಮ ಮನೆತನವನ್ನು ಬರೆಯತೊಡಗಿದೆ. ಅಣ್ಣನಿಗೆ ಅಪ್ಪನ ಕಡೆಯ ಹೆಸರುಗಳು ಹೆಳವನ ದನಿಯಲ್ಲೇ ನೆನಪಿದ್ದವು, ಹೇಳುತ್ತ ಹೋದ. ಅವ್ವ ಒಲೆಯ ಹತ್ತಿರದಿಂದಲೇ ಕೇಳುತ್ತಿದ್ದಳು.

‘ನನ್ನ ತವರು ಎಲ್ಲಿ ಬರೀತಿ?’ ಎಂದಳು ಕೊನೆಗೆ.

‘ಇಲ್ಲೇ ಬರೀತೀನಿ, ಹೇಳು.’

ಅವಳು ಬಂದು ಪಕ್ಕದಲ್ಲಿ ಕುಳಿತಳು. ತನ್ನ ಅವ್ವ, ಆ ಅವ್ವನ ಅವ್ವ, ಅಲ್ಲಿಂದಾಚೆ ಹೆಸರು ಸಿಗಲಿಲ್ಲ. ಬದಲಿಗೆ ಊರು ಸಿಕ್ಕವು: ಒಬ್ಬಾಕೆ ಮುಂಡರಗಿ ಕಡೆಯಿಂದ ಬಂದವಳು, ಒಬ್ಬಾಕೆ ಸವಣೂರಿನ ಕಡೆಯವಳು. ಹೆಸರಿಲ್ಲದ ನೋಡ್‌ಗಳನ್ನೇ ಇಟ್ಟೆ. ವಿಕಾಸವೃಕ್ಷದ ನಡುವಿನ ನೋಡ್‌ಗಳಿಗೂ ಹೆಸರಿರುವುದಿಲ್ಲ, ಇದ್ದವೆಂಬುದು ಮಾತ್ರ ಖಚಿತ. ಅವ್ವನ ಅಕ್ಕತಂಗಿಯರನ್ನು ಸೇರಿಸಿ ಪರದೆಯ ಮೇಲೆ ತೋರಿಸಿದಾಗ ಅವಳು ಕನ್ನಡಕ ಹಾಕಿಕೊಂಡು ನೋಡಿ, ಬೆರಳಿಟ್ಟು ಹೇಳಿದಳು: ‘ಇದು ಹಿಂದಮುಂದ ಆಗೈತಿ. ದೊಡ್ಡವ್ವ ಮೊದ್ಲ ಬರಬೇಕು. ನಾ ನಡುವಿನಾಕಿ.’

ಜೀವಿಗಳ ವೃಕ್ಷದಲ್ಲಿ ಒಂದು ತಾಯಿಯ ಎರಡು ಕವಲುಗಳಿಗೆ ಹಿಂದುಮುಂದಿಲ್ಲ. ಕಂಸದೊಳಗೆ ಅರ್ಬೋರಿಯಂ ಮೊದಲು ಬರೆದರೂ ಹರ್ಬೇಸಿಯಂ ಮೊದಲು ಬರೆದರೂ ವೃಕ್ಷ ಒಂದೇ. ಎರಡು ವೃಕ್ಷಗಳು ಒಂದೇ ಹೌದೋ ಎಂದು ಹೋಲಿಸುವ ಕೋಡ್ ಈ ಕ್ರಮವನ್ನು ಬೇಕೆಂದೇ ಮರೆಯಬೇಕು, ಇಲ್ಲದಿದ್ದರೆ ಒಂದೇ ವೃಕ್ಷವನ್ನು ಬೇರೆ ಬೇರೆಯೆಂದು ಹೇಳುತ್ತದೆ. ಅದಕ್ಕಾಗಿಯೇ ನನ್ನ ಕ್ಲಾಸ್‌ನಲ್ಲಿ ಮಕ್ಕಳು ಕ್ರಮವಿಲ್ಲದ ಗಣವಾಗಿದ್ದರು. ಮನುಷ್ಯರ ಮನೆಯಲ್ಲಿ ದೊಡ್ಡವ್ವ ದೊಡ್ಡವ್ವನೇ. ಆ ರಾತ್ರಿ ಊಟವಾದ ಮೇಲೆ ಮನೆತನಕ್ಕೆಂದೇ ಬೇರೊಂದು ಕ್ಲಾಸ್ ಬರೆದು, ಮಕ್ಕಳನ್ನು ಹುಟ್ಟಿದ ಕ್ರಮದ ಪಟ್ಟಿಯಾಗಿ ಮಾಡಿದೆ. ಮುಗಿಯುವ ಹೊತ್ತಿಗೆ ಅವ್ವನಿಗೆ ಇನ್ನೂ ಇಬ್ಬರ ಹೆಸರು ನೆನಪಾಗಿತ್ತು, ಸಣ್ಣಂದಿನಲ್ಲೇ ತೀರಿಕೊಂಡ ಅವಳ ತಂಗಿಯರದು. ಅವನ್ನೂ ಅವರವರ ಜಾಗದಲ್ಲಿ ಸೇರಿಸಿದೆವು.